ಅವ್ವನ ಮೂಗು, ಮಗಳ ಗ್ಲಾಸು

ನಮ್ಮನೆ ಫ್ರಿಡ್ಜಲ್ಲಿ ಮೊಸರು, ದೋಸೆಹಿಟ್ಟು, ಅರ್ಧ ಹೋಳು ಸಿಹಿಗುಂಬಳ ಇರೋದು ಮಾಮೂಲು. ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ದೋಸೆಹಿಟ್ಟಿನ ಪಾತ್ರೆ ಪಕ್ಕದಲ್ಲಿ ಒಂದು ವೈನ್ ಬಾಟ್ಲಿ ಮಲಗಿತ್ತು. ಹಿಟ್ಟು ತೆಗೆಯೋಕೆ ಬಾಗಿಲು ತೆಗೆದವಳು ಹಾಗೇ ಮುಚ್ಚಿಬಿಟ್ಟೆ. ಹಾಲ್‌ನಲ್ಲಿ ಅವ್ವ ಮಲ್ಲಿಗೆ ಕಟ್ತಾ ಕೂತಿದ್ಲು.

ರೂಮಿಗೆ ಹೋಗಿ ಮಗಳನ್ನ ಹಿಡ್ಕೊಂಡೆ. "ಏನೇ ಇದು? ಅಜ್ಜಿ ನೋಡಿದ್ರೆ?" ಅಂತ ಪಿಸುಗುಟ್ಟಿದೆ. ಅವಳು, "ಅಮ್ಮ, ಮಾಲ್ಬೆಕ್ ಅದು. ಅರ್ಧ ಗಂಟೆ ಫ್ರಿಡ್ಜಲ್ಲಿರಲಿ, ಆಮೇಲೆ ತೆಗೀತೀನಿ. ಈ ಬಿಸಿಲಲ್ಲಿ ಹೊರಗಿಟ್ರೆ ಬರೀ ಸ್ಪಿರಿಟ್ ವಾಸನೆ ಹೊಡೆಯುತ್ತೆ" ಅಂದ್ಲು. ಸಾರಿಗೆ ಒಗ್ಗರಣೆ ಹಾಕೋ ವಿಷಯ ಹೇಳಿದಷ್ಟು ಸಲೀಸಾಗಿ.

ಒಂದು ಬಾಟ್ಲಿಗೆ ಇಷ್ಟು ಗಾಬರಿ ಯಾಕೆ ಅಂತ ನಿಮಗನ್ನಿಸಬಹುದು. ಹೇಳ್ತೀನಿ.

ನಮ್ಮಪ್ಪ ಕುಡೀತಿದ್ರು. ಆಗ ನಾವಿದ್ದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ. ಅಪ್ಪನಿಗೆ ಮಾಗಡಿ ರಸ್ತೆ ಕಡೆ ಒಂದು ಕಾರ್ಖಾನೇಲಿ ಕೆಲಸ. ಸಂಬಳದ ದಿನ ಅರ್ಧ ದುಡ್ಡು ಸಾರಾಯಿ ಅಂಗಡೀಲೇ ಕರಗಿಹೋಗ್ತಿತ್ತು. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಕಚ್ಚಿ ಗಟಗಟ ಇಳಿಸೋದು, ಅಷ್ಟೆ. ರುಚಿ ನೋಡೋ ಮಾತೇ ಇರ್ಲಿಲ್ಲ. ರಾತ್ರಿ ಅಪ್ಪನ ಚಪ್ಪಲಿ ಸದ್ದು ವಠಾರದ ಬಾಗಿಲ ಹತ್ರ ಕೇಳಿದ ತಕ್ಷಣ ಅವ್ವ ಹೊಸ್ತಿಲಲ್ಲಿ ಬಂದು ನಿಲ್ತಿದ್ಲು. ಗಾಳಿಯಲ್ಲಿ ಮೂಗು ಹಿಡಿದು ಒಂದು ಸಲ ಉಸಿರು ಎಳ್ಕೊಳ್ಳೋಳು. ಎಷ್ಟು ಕುಡಿದಿದ್ದಾರೆ, ಸುಮ್ನೆ ಮಲಗ್ತಾರಾ ಇಲ್ಲಾ ತಟ್ಟೆ ಹಾರುತ್ತಾ ಅಂತ ಆ ಒಂದು ಉಸಿರಲ್ಲೇ ಅವಳಿಗೆ ಗೊತ್ತಾಗ್ತಿತ್ತು. ಎರಡನೇದಾದ್ರೆ ನನ್ನನ್ನೂ ತಮ್ಮನ್ನೂ ಪಕ್ಕದ ಮನೆಗೆ ಓಡಿಸೋಳು. ಒಂದು ದಿನಾನೂ ಅವಳ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ಅಪ್ಪ 2004ರಲ್ಲಿ ಹೋದ್ರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರೋದೇ ನಿಂತುಹೋಯ್ತು. ಟಿವಿಯಲ್ಲಿ ಆ ಸುದ್ದಿ ಬಂದಾಗ ಅವ್ವ ಏನೂ ಮಾತಾಡ್ಲಿಲ್ಲ. ಎದ್ದು ಹೋಗಿ ಒಲೆ ಮೇಲಿದ್ದ ಹಾಲು ಇಳಿಸಿದ್ಲು.

ಇಂಥ ಮನೇಲಿ ನನ್ನ ಮಗಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಚನ್ನಪಟ್ಟಣದ ಕಡೆ ಒಂದು ವೈನರಿಯಲ್ಲಿ ಬಂದವರಿಗೆ ವೈನ್ ರುಚಿ ತೋರಿಸೋ ಕೆಲಸಕ್ಕೆ ಸೇರ್ಕೊಂಡ್ಲು. ಬೆಳಿಗ್ಗೆ ಸ್ಕೂಟರ್ ವಿಜಯನಗರ ಮೆಟ್ರೋ ಹತ್ರ ನಿಲ್ಲಿಸಿ, ಕೆಂಗೇರಿಯಲ್ಲಿ ಇಳಿದು, ಅಲ್ಲಿಂದ ಕಂಪನಿ ವ್ಯಾನು. ಅವ್ವನಿಗೆ ನಾನು ಹೇಳಿದ್ದು "ಹೋಟ್ಲು ಕೆಲಸ" ಅಂತ. ಎಂಟು ತಿಂಗಳಿಂದ ಅದೇ ಸುಳ್ಳು. ಅವ್ವ ಹುಟ್ಟಿದ್ದೂ ಚನ್ನಪಟ್ಟಣದ ಹತ್ರದ ಹಳ್ಳೀಲೇ. "ನಮ್ಮೂರ್ ಕಡೆ ಅಂಥ ದೊಡ್ಡ್ ಹೋಟ್ಲು ಯಾವುದವ್ವ?" ಅಂತ ಒಂದೆರಡು ಸಲ ಕೇಳಿದ್ಲು. ನಾನು ಮಾತು ಮರೆಸಿದ್ದೆ.

ಈ ಬಾಟ್ಲಿ ಮನೆಗೆ ಬಂದಿದ್ದು ಪರೀಕ್ಷೆಗೆ. ಲಂಡನ್ನಿನ ಒಂದು ಸಂಸ್ಥೆ ವೈನ್ ಬಗ್ಗೆ ಪಾಠ ಹೇಳಿ ಪರೀಕ್ಷೆ ಮಾಡುತ್ತೆ, ಜಗತ್ತಿನಾದ್ಯಂತ. ಮೂರನೇ ಹಂತದಲ್ಲಿ ಹೆಸರು ಹೇಳದೆ ಎರಡು ಗ್ಲಾಸು ಮುಂದೆ ಇಡ್ತಾರಂತೆ, ಒಂದು ಬಿಳಿ ವೈನು, ಒಂದು ಕೆಂಪು. ಅರ್ಧ ಗಂಟೇಲಿ ಬಣ್ಣ ಹೇಗಿದೆ, ವಾಸನೆ ಏನು, ಬಾಯಲ್ಲಿ ಹೇಗೆ, ಗುಣಮಟ್ಟ ಎಂಥದು ಅಂತ ಬರೀಬೇಕು. ಮಗಳಿಗೆ ತೊಡಕಾಗಿದ್ದು ವಾಸನೆ. "ಮಾಲ್ಬೆಕ್ ಅಂದ್ರೆ ಬ್ಲ್ಯಾಕ್‌ಬೆರಿ, ಪ್ಲಮ್, ವಯೊಲೆಟ್ ಹೂವು ಅಂತ ಪುಸ್ತಕದಲ್ಲಿದೆ. ನಾನು ಬ್ಲ್ಯಾಕ್‌ಬೆರಿ ತಿಂದೂ ಇಲ್ಲ, ವಯೊಲೆಟ್ ಮೂಸೂ ಇಲ್ಲ. ಬಾಯಿಪಾಠ ಮಾಡಿ ಬರೀತಿದ್ದೀನಿ, ಅಷ್ಟೆ" ಅಂತ ಗೊಣಗ್ತಿದ್ಲು. ನಿಜ, ಬ್ಲ್ಯಾಕ್‌ಬೆರಿ ಅಂದ್ರೆ ನನಗೂ ಮೊದಲು ನೆನಪಾಗೋದು ಆ ಹಳೇ ಫೋನೇ.

ನಮ್ಮನೆಯವರು ವಿಷಯ ಗೊತ್ತಾದ ತಕ್ಷಣ "ಹವನೂರು ಸರ್ಕಲ್ ತನಕ ಹೋಗಿಬರ್ತೀನಿ" ಅಂತ ಚಪ್ಪಲಿ ಹಾಕ್ಕೊಂಡ್ರು. ಇಂಥ ಹೊತ್ತಲ್ಲಿ ಅವರಿಗೆ ವಾಕಿಂಗ್ ನೆನಪಾಗುತ್ತೆ. ಅವ್ವ ಊಟ ಮಾಡಿ ಮಲಗಲಿ ಅಂತ ಕಾದು, ಅಮ್ಮ-ಮಗಳು ಅಡುಗೆಮನೆ ಕಟ್ಟೆ ಹತ್ರ ಸೇರ್ಕೊಂಡ್ವಿ.

ಮೊದಲು ಬಣ್ಣ. ಸ್ಟೀಲ್ ಲೋಟ ಆಗಲ್ಲ, ಗಾಜಿಂದೇ ಬೇಕು. ಒಂದು ಹಳೇ ಲಗ್ನಪತ್ರಿಕೆ ಹಿಂದುಗಡೆಯ ಬಿಳಿ ಪುಟದ ಮೇಲೆ ಗ್ಲಾಸನ್ನ ಓರೆ ಮಾಡಿ ಹಿಡಿದ್ಲು. ನಡುವೆ ಶಾಯಿ ಥರ ಕಪ್ಪು, ಅಂಚಿನಲ್ಲಿ ಮಾತ್ರ ಬೀಟ್‌ರೂಟ್ ಹಿಂಡಿದ ಹಾಗೆ ನೇರಳೆ-ಗುಲಾಬಿ. ಆ ಅಂಚೇ ಎಳೆ ಮಾಲ್ಬೆಕ್‌ನ ಗುರುತಂತೆ. ವಯಸ್ಸಾದ ಹಾಗೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ.

ಆಮೇಲೆ ಗ್ಲಾಸನ್ನ ಮೆಲ್ಲಗೆ ತಿರುಗಿಸಿ ಮೂಗಿನ ಹತ್ರ ಹಿಡಿ ಅಂದ್ಲು. ಹಿಡಿದೆ. ತಕ್ಷಣ ಇಳಿಸಿಬಿಟ್ಟೆ. ಹಣ್ಣಿನ ವಾಸನೆ ಇತ್ತೋ ಏನೋ, ನನಗೆ ಬಂದಿದ್ದು ಅದರ ಹಿಂದಿದ್ದ ಅಮಲಿನ ವಾಸನೆ. ವಠಾರದ ಬಾಗಿಲು, ಚಪ್ಪಲಿ ಸದ್ದು, ಎಲ್ಲಾ ಒಂದೇ ಸಲಕ್ಕೆ ಬಂತು. ಮಗಳು ನನ್ನ ಮುಖ ನೋಡಿ ಗ್ಲಾಸ್ ತಗೊಂಡು ಪಕ್ಕಕ್ಕಿಟ್ಲು. "ಬೇಡ ಬಿಡಮ್ಮ" ಅಂದ್ಲು. ಐದು ನಿಮಿಷ ಇಬ್ಬರೂ ಮಾತಾಡ್ಲಿಲ್ಲ. ಆಮೇಲೆ ನಾನೇ, "ಕೊಡು" ಅಂದೆ. ಅವಳು ದಿನಾ ನಾಲ್ಕು ಜನರ ಮುಂದೆ ನಿಂತು ಮಾಡೋ ಕೆಲಸ. ಅದು ಏನು ಅಂತ ಒಂದು ಸಲವಾದ್ರೂ ನನಗೆ ಗೊತ್ತಾಗಬೇಕಲ್ಲ.

ಒಂದು ಗುಟುಕು ಬಾಯಿಗೆ ಹಾಕ್ಕೊಂಡು, ನಾಲಿಗೆ ಮೇಲೆಲ್ಲಾ ಆಡಿಸಿ, ಚೊಂಬಿಗೆ ಉಗಿದುಬಿಡೋದು. ಉಗಿಯೋದಾ ಅಂತ ನನಗೆ ಆಶ್ಚರ್ಯ. "ದಿನಕ್ಕೆ ಹತ್ತು ಹನ್ನೆರಡು ರುಚಿ ನೋಡ್ಬೇಕಾದ್ರೆ ನುಂಗಿದ್ರೆ ಕೆಲಸ ಮಾಡಕ್ಕಾಗುತ್ತಾ?" ಅಂದ್ಲು. ಎಂಟು ತಿಂಗಳಿಂದ ನನ್ನ ಎದೇಲಿದ್ದ ಒಂದು ಗಂಟು ಆ ಮಾತಿಗೆ ಸ್ವಲ್ಪ ಸಡಿಲ ಆಯ್ತು.

ಬಾಯಲ್ಲಿ ಏನೇನು ಗೊತ್ತಾಯ್ತು ಹೇಳು ಅಂದ್ಲು. ಸಿಹಿ ಇಲ್ಲ. ಹುಳಿ ಇದೆ, ಹುಣಸೆ ಅಷ್ಟಲ್ಲ. ಒಸಡು, ಕೆನ್ನೆ ಒಳಗೆ ಹಿಡ್ಕೊಂಡ ಹಾಗೆ ಒಗರು, ಅಂದೆ. ಮಗಳು ಕೈ ತಟ್ಟಿ, "ಅದೇ ಟ್ಯಾನಿನ್! ಬಂದವರಿಗೆಲ್ಲ ಅದನ್ನ ವಿವರಿಸೋಕೆ ನನಗೆ ಹತ್ತು ನಿಮಿಷ ಬೇಕು" ಅಂದ್ಲು. ನಮಗೆ ಅದೊಂದು ವಿಷಯಾನಾ? ಬಾಳೆಕಾಯಿ ಹೆಚ್ಚಿದ ಕೈ, ನೇರಳೆಹಣ್ಣು ತಿಂದ ನಾಲಿಗೆ, ಅಡಿಕೆ, ಬೆಟ್ಟದ ನೆಲ್ಲಿಕಾಯಿ, ಎಲ್ಲಾ ಒಗರೇ. ಆರು ರುಚಿಯಲ್ಲಿ ಅದೂ ಒಂದು ಅಂತ ಲೆಕ್ಕಕ್ಕಿಟ್ಟ ಜನ ನಾವು. ಕೆಂಪು ವೈನಿಗೆ ಆ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತಂತೆ. ಮಾಲ್ಬೆಕ್‌ದು ಬಲಿತ ನೇರಳೆಯ ಒಗರು, ಮೆತ್ತಗೆ. ಅವಳು ತಂದಿದ್ದ ಇನ್ನೊಂದು ಚಿಕ್ಕ ಬಾಟ್ಲಿ ಕ್ಯಾಬರ್ನೆದು. ಅದು ಎಳೆ ಸೀಬೆಕಾಯಿ ಕಚ್ಚಿದ ಹಾಗೆ ಬಾಯಿ ಕಟ್ಟಿಬಿಡ್ತು.

ಎರಡನ್ನೂ ಬೆರೆಸಿ ತೋರಿಸ್ತೀನಿ ಅಂತ ಕೆಮ್ಮಿನ ಔಷಧಿ ಅಳತೆ ಮುಚ್ಚಳ ತಗೊಂಡ್ಲು. ಮಾಲ್ಬೆಕ್ ಮೂರು ಮುಚ್ಚಳ, ಕ್ಯಾಬರ್ನೆ ಒಂದು. ಸುಮ್ನೆ ಬೆರಕೆ ಮಾಡೋದು ಮೋಸ ಅಂತ ನಾನು ತಿಳ್ಕೊಂಡಿದ್ದೆ. ಹಾಲಿಗೆ ನೀರು ಬೆರೆಸೋ ಹಾಗೆ. "ಅಮ್ಮ, ನೀನು ಸಾರಿನಪುಡಿಗೆ ಬ್ಯಾಡಗಿ, ಗುಂಟೂರು ಎರಡೂ ಯಾಕೆ ಹಾಕ್ತೀಯ?" ಅಂತ ಕೇಳಿದ್ಲು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬರೀ ಬ್ಯಾಡಗಿ ಆದ್ರೆ ಸಪ್ಪೆ, ಬರೀ ಗುಂಟೂರು ಆದ್ರೆ ಹೊಟ್ಟೆ ಉರಿ. "ಇದೂ ಹಾಗೇ. ಮಾಲ್ಬೆಕ್ ಬಣ್ಣ, ಹಣ್ಣಿನ ಘಮ, ಮೆತ್ತಗಿನ ಮೈ ಕೊಡುತ್ತೆ. ಕ್ಯಾಬರ್ನೆ ಬೆನ್ನೆಲುಬು ಕೊಡುತ್ತೆ." ಬೆರೆಸಿದ್ದನ್ನ ಬಾಯಿಗೆ ಹಾಕ್ಕೊಂಡೆ. ಮೊದಲಿಂದು ಬೇಗ ಮುಗಿದು ಹೋಗ್ತಿತ್ತು. ಇದು ಉಗಿದ ಮೇಲೂ ಸ್ವಲ್ಪ ಹೊತ್ತು ನಾಲಿಗೆ ಮೇಲೆ ನಿಂತಿತ್ತು. ವ್ಯತ್ಯಾಸ ನನಗೇ ಗೊತ್ತಾಯ್ತು ಅನ್ನೋದು ನನಗೆ ಹೆಮ್ಮೆ.

ಈ ಮಾಲ್ಬೆಕ್ ದ್ರಾಕ್ಷಿಯ ಕತೆಯೂ ಹೆಣ್ಣುಮಕ್ಕಳ ಕತೆ ಥರಾನೇ ಇದೆ. ತೌರುಮನೆ ಫ್ರಾನ್ಸಿನ ನೈರುತ್ಯದ ಕಾಓರ್ ಅನ್ನೋ ಊರಿನ ಕಡೆ, ಲಾಟ್ ನದಿ ದಂಡೆ. ಅಲ್ಲಿ ಅದಕ್ಕೆ ಕೋ ಅಂತ ಹೆಸರು. ಅಲ್ಲಿಯ ವೈನು ಎಷ್ಟು ಕಪ್ಪು ಅಂದ್ರೆ ಕಪ್ಪು ವೈನ್ ಅಂತಲೇ ಕರೀತಿದ್ರಂತೆ. ಈಗಲೂ ಬಾಟ್ಲಿ ಮೇಲೆ ಕಾಓರ್ ಅಂತ ಹಾಕಬೇಕಾದ್ರೆ ಅದರಲ್ಲಿ ಕನಿಷ್ಠ ಶೇ. 70ರಷ್ಟು ಮಾಲ್ಬೆಕ್ ಇರಲೇಬೇಕು. ಪಕ್ಕದ ಬೋರ್ಡೋದಲ್ಲಿ ಮಾತ್ರ ಅದು ಯಾವಾಗಲೂ ಬೆರಕೆಯ ಕೈಯಾಳು. ಚಳಿ ತಡೆಯಲ್ಲ, ಹೂ ಬಿಟ್ಟಾಗ ಮಳೆ ಬಂದ್ರೆ ಕಾಯಿ ಕಚ್ಚಲ್ಲ ಅಂತ ದೂರು. 1956ರ ಫೆಬ್ರವರಿಯ ಭಾರಿ ಹಿಮದಲ್ಲಿ ಬಳ್ಳಿಗಳು ಸತ್ತಾಗ ಬೋರ್ಡೋದ ಬಹಳ ರೈತರು ಮತ್ತೆ ಅದನ್ನ ನೆಡೋಕೇ ಹೋಗ್ಲಿಲ್ಲ.

ಅಷ್ಟರಲ್ಲಿ ಅದು ಇನ್ನೊಂದು ಮನೆ ಸೇರಿ ನೂರು ವರ್ಷ ಆಗಿತ್ತು. 1853ರಲ್ಲಿ ಮಿಶೆಲ್ ಪೂಜೆ ಅನ್ನೋ ಫ್ರೆಂಚ್ ಕೃಷಿ ಪಂಡಿತ ಅರ್ಜೆಂಟೀನಾದ ಮೆಂಡೋಸಾಗೆ ಹೋಗಿ, ಅಲ್ಲಿಯ ಕೃಷಿ ಶಾಲೆಗೆ ಫ್ರಾನ್ಸಿನ ಬಳ್ಳಿಗಳನ್ನ ತಂದು ಬೆಳೆಸಿದ. ಅದರಲ್ಲಿ ಇದೂ ಒಂದು. ಆ ಶಾಲೆಯ ಪ್ರಸ್ತಾವ ಮಂಡನೆಯಾದ ಏಪ್ರಿಲ್ 17ನ್ನೇ 2011ರಿಂದ ಮಾಲ್ಬೆಕ್ ದಿನ ಅಂತ ಆಚರಿಸ್ತಾರೆ. ಮೆಂಡೋಸಾ ಆಂಡಿಸ್ ಬೆಟ್ಟದ ಬುಡದ ಒಣಭೂಮಿ. ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ. ಬೆಟ್ಟದ ಹಿಮ ಕರಗಿದ ನೀರನ್ನ ಕಾಲುವೆಯಲ್ಲಿ ತಂದು ಬಳ್ಳಿಗೆ ಬಿಡ್ತಾರೆ. ಹಗಲು ಬಿಸಿಲು, ರಾತ್ರಿ ತಂಪು. ತೌರಲ್ಲಿ ನಾಜೂಕು ಅಂತ ಬೈಸ್ಕೊಂಡಿದ್ದು ಅಲ್ಲಿ ಮೈ ತುಂಬ್ಕೊಂಡು ಬೆಳೀತು. ಇವತ್ತು ಜಗತ್ತಿನ ಮಾಲ್ಬೆಕ್‌ನಲ್ಲಿ ದೊಡ್ಡ ಪಾಲು ಅರ್ಜೆಂಟೀನಾದ್ದೇ.

ಅಲ್ಲಿಂದ ನಮ್ಮೂರಿಗೂ ಒಂದು ಎಳೆ ಇದೆ. ಮೆಂಡೋಸಾದ ಊಕೋ ಕಣಿವೆಯಲ್ಲಿ ಮಾಲ್ಬೆಕ್ಕೇ ಮುಂದಾಗಿರೋ ಕ್ಲೋ ದೆ ಲೋಸ್ ಸಿಯೆತೆ ಅನ್ನೋ ಬೆರಕೆ ವೈನ್ ಕಟ್ಟಿದ ಫ್ರಾನ್ಸಿನ ಮಿಶೆಲ್ ರೋಲಾಂ, ನಮ್ಮ ನಂದಿಬೆಟ್ಟದ ಬುಡದ ಗ್ರೋವರ್ ತೋಟದವರಿಗೂ 1990ರ ದಶಕದಿಂದ ಸಲಹೆಗಾರನಾಗಿದ್ದ. ಅಲ್ಲಿಯ ಕ್ಯಾಬರ್ನೆ-ಶಿರಾಜ್ ಬೆರಕೆ ಹೆಸರುವಾಸಿ. ಎತ್ತರದಲ್ಲಿ ದೊಡ್ಡಬಳ್ಳಾಪುರಕ್ಕೂ ಮೆಂಡೋಸಾ ಕಡೆಗೂ ಭಾರಿ ಅಂತರ ಇಲ್ಲ. ಆದ್ರೆ ಮಳೆ ನಮ್ಮಲ್ಲಿ ಅದರ ನಾಲ್ಕೈದು ಪಟ್ಟು. ಚಳಿಗಾಲದಲ್ಲಿ ಬಳ್ಳಿ ಮಲಗೋದೂ ಇಲ್ಲ. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ ಸವರಿ, ಮಳೆ ಮುಗಿದ ಮೇಲಿನ ಒಂದೇ ಫಸಲು ತಗೋತಾರೆ. ಇನ್ನು ಗಾಡೀಲಿ ಬರೋ ನಮ್ಮ ಕಪ್ಪು ದ್ರಾಕ್ಷಿ, ಅದೇ 2013ರಲ್ಲಿ ಜಿಐ ಮಾನ್ಯತೆ ಸಿಕ್ಕ ಬೆಂಗಳೂರು ಬ್ಲೂ, ಅದರ ಕುಲವೇ ಬೇರೆ. ಅಮೆರಿಕದ ಕಾಡುಬಳ್ಳಿಯ ರಕ್ತ ಇದೆ ಅದರಲ್ಲಿ. ಸಿಪ್ಪೆ ಒತ್ತಿದ್ರೆ ತಿರುಳು ಜಾರಿ ಬಾಯಿಗೆ ಬೀಳೋದು, ಆ ಕಸ್ತೂರಿಯಂಥ ಘಾಟು, ಎರಡೂ ಅದಕ್ಕೇ.

ಇಷ್ಟೆಲ್ಲಾ ಪಾಠ ನಡೀವಾಗ ಹಿಂದೆ ಯಾರೋ ನಿಂತ ಹಾಗಾಯ್ತು. ತಿರುಗಿ ನೋಡಿದ್ರೆ ಅವ್ವ. ಕೈಯಲ್ಲಿ ಮಲ್ಲಿಗೆ ದಾರದ ಉಂಡೆ. ಕಟ್ಟೆ ಮೇಲೆ ಎರಡು ಬಾಟ್ಲಿ, ಮೂರು ಗ್ಲಾಸು, ಚೊಂಬು. ನನ್ನ ಬಾಯಿ ಒಣಗಿಹೋಯ್ತು. ಒಗರಿಂದಲ್ಲ.

"ಅಜ್ಜಿ, ಅದು..." ಅಂತ ಮಗಳು ಶುರು ಮಾಡಿದ್ಲು.

"ನಂಗೊತ್ತು ಕಣ್ ಮಗಾ. ಎಂಟು ತಿಂಗಳಿಂದ ನಿನ್ ದುಪ್ಪಟ ಮಡಚೋಳು ನಾನೇ ಅಲ್ವಾ? ಹುಳೀ ದ್ರಾಕ್ಷಿ ವಾಸ್ನೆ ಬತ್ತದೆ. ಹೋಟ್ಲು ಅಂದ್ರೆ ಒಗ್ಗರಣೆ ವಾಸ್ನೆ ಬರ್ಬೇಕಿತ್ತು" ಅಂದ್ಲು ಅವ್ವ. ಆಮೇಲೆ ನನ್ನ ಕಡೆ ನೋಡಿ, "ನಿನ್ ಬಾಯಿಂದ ಯಾವತ್ ಬತ್ತದೆ ಅಂತ ಕಾಯ್ತಿದ್ದೆ" ಅಂದ್ಲು.

ನಾನು ತಲೆ ಎತ್ತಲಿಲ್ಲ. ಅವಳು ಮುಂದುವರಿಸಿದ್ಲು: "ದಿನಾ ಇವ್ಳು ಬಂದಾಗ ಬಾಗ್ಲಲ್ಲಿ ನಿಂತ್ಕೊಂಡು ನೋಡ್ತೀನಿ. ಬಟ್ಟೇಲಿ ಬತ್ತದೆ, ಉಸುರಲ್ಲಿ ಬರಾಕಿಲ್ಲ. ಅದ್ಕೇ ಸುಮ್ನಿದ್ದೆ."

ಮೂವತ್ತು ವರ್ಷ ಹೊಸ್ತಿಲಲ್ಲಿ ನಿಂತು ಕಲಿತ ವಿದ್ಯೆ. ಬೇಡ ಅಂದ್ರೂ ಬಿಟ್ಟುಹೋಗೋದಲ್ಲ ಅದು. ಮೊಮ್ಮಗಳು ಮೆಟ್ಲು ಹತ್ತಿದ ಸದ್ದಿಗೆ ಅವ್ವ ಎದ್ದು ಬಾಗಿಲಿಗೆ ಹೋಗ್ತಿದ್ದದ್ದು ಪ್ರೀತಿಗೆ ಅಂತ ನಾನು ತಿಳ್ಕೊಂಡಿದ್ದೆ. ಪ್ರೀತಿನೂ ಹೌದು. ಆದ್ರೆ ಹೆದರಿಕೆ ಇನ್ನೂ ಅಲ್ಲೇ ಇತ್ತು.

ಮಗಳು ಅದೇನು ಯೋಚನೆ ಮಾಡಿದ್ಲೋ, ಮಾಲ್ಬೆಕ್ ಗ್ಲಾಸನ್ನ ಎರಡೂ ಕೈಯಲ್ಲಿ ಹಿಡಿದು ಅಜ್ಜಿ ಮುಂದೆ ಚಾಚಿದ್ಲು. "ಕುಡೀಬೇಡಜ್ಜಿ. ಬರೀ ಮೂಸು. ಇದರಲ್ಲಿ ಯಾವ ಹಣ್ಣಿನ ವಾಸನೆ ಇದೆ ಹೇಳು. ನನಗೆ ಗೊತ್ತಾಗ್ತಿಲ್ಲ."

ನಾನು ತಡೀಬೇಕು ಅಂತ ಕೈ ಎತ್ತಿದೆ. ಅವ್ವ ಗ್ಲಾಸು ಮುಟ್ಲಿಲ್ಲ. ಬಗ್ಗಿ ಒಂದು ಸಲ ಉಸಿರು ಎಳ್ಕೊಂಡ್ಲು, ಅದೇ ಹೊಸ್ತಿಲಿನ ಉಸಿರು. ಮುಖ ಬಿಗಿ ಆಯ್ತು. ಸ್ವಲ್ಪ ತಡೆದು ಮತ್ತೆ ಬಗ್ಗಿದ್ಲು, ಈ ಸಲ ನಿಧಾನಕ್ಕೆ.

"ಉಪ್ನೇರಳೆ ಹಣ್ಣು" ಅಂದ್ಲು.

ಹಿಪ್ಪುನೇರಳೆ! ರಾಮನಗರ, ಚನ್ನಪಟ್ಟಣ ಅಂದ್ರೆ ರೇಷ್ಮೆ ಸೀಮೆ. ಸೊಪ್ಪು ಕೊಯ್ಯೋಕೆ ಹೋದಾಗ ಗಿಡದ ಕಪ್ಪು ಹಣ್ಣು ತಿಂದು, ಲಂಗ ತುಂಬ ಕಲೆ ಮಾಡ್ಕೊಂಡು ಏಟು ತಿಂತಿದ್ದ ಕತೆ ಹೇಳಿದ್ಲು. ಇನ್ನೊಂದು ಸಲ ಮೂಸಿ, "ಹಿಂದುಗಡೆ ಮರದ ಪುಡಿ ವಾಸ್ನೆ. ಗೊಂಬೆ ಮಾಡೋರ ಮನೆ ಮುಂದೆ ಬತ್ತದಲ್ಲ, ಅಂಥದ್ದು" ಅಂದ್ಲು. ಮಗಳು ಬಾಟ್ಲಿ ಹಿಂದಿನ ಚೀಟಿ ಓದಿದ್ಲು. ಓಕ್ ಮರದ ಪೀಪಾಯಿಯಲ್ಲಿ ಇಟ್ಟಿದ್ದು ಅಂತ ಬರೆದಿತ್ತು.

ಆಮೇಲೆ ಮಗಳು ಊಟದಲ್ಲಿ ಉಳಿದಿದ್ದ ಎಣ್ಣೆಗಾಯಿ ಜೊತೆ ಒಂದು ಗುಟುಕು ನೋಡಿದ್ಲು. ಬದನೆಕಾಯಿ, ಕಡ್ಲೆಕಾಯಿ ಬೀಜ, ಕೊಬ್ಬರಿಯ ಜಿಡ್ಡಿಗೆ ಆ ಒಗರು ಹೊಂದಿಕೊಳ್ತು ಅಂದ್ಲು. ನಿಂಬೆಕಾಯಿ ಉಪ್ಪಿನಕಾಯಿ ಜೊತೆ ನೋಡಿ ಮುಖ ಸಿಂಡರಿಸಿದ್ಲು. ಖಾರ ಜಾಸ್ತಿ ಇದ್ರೆ ವೈನಿನ ಅಮಲು, ಒಗರು ಎರಡೂ ಇನ್ನಷ್ಟು ಉರಿ ಎಬ್ಬಿಸುತ್ತೆ. ಅರ್ಜೆಂಟೀನಾದವರು ಬರೀ ಉಪ್ಪು ಹಾಕಿ ಕೆಂಡದ ಮೇಲೆ ಸುಟ್ಟ ಮಾಂಸದ ಜೊತೆ ಇಟ್ಕೊಳ್ಳೋದು ಸುಮ್ನೆ ಅಲ್ಲ.

ಇದನ್ನ ಓದಿ ವೈನ್ ಒಳ್ಳೇದು ಅಂತ ನಾನು ಹೇಳ್ತಿದ್ದೀನಿ ಅಂದ್ಕೋಬೇಡಿ. ಬಾಟ್ಲಿ ಮೇಲೆ ಶೇ. 14 ಆಲ್ಕೋಹಾಲ್ ಅಂತಿತ್ತು. ಮದ್ಯದಲ್ಲಿ ಇಷ್ಟು ಪರವಾಗಿಲ್ಲ ಅನ್ನೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಮ್ಮವ್ವನಿಗೆ ಅದನ್ನ ಯಾರೂ ಹೇಳಬೇಕಾಗಿಲ್ಲ. ಆದ್ರೆ ಅಪ್ಪ ಕುಡಿದದ್ದಕ್ಕೂ ಮಗಳು ಮಾಡೋದಕ್ಕೂ ನಡುವೆ ಒಂದು ಗೆರೆ ಇದೆ ಅಂತ ಅವತ್ತು ಕಣ್ಣಾರೆ ನೋಡಿದೆ. ಅಪ್ಪ ಏನೂ ಗೊತ್ತಾಗಬಾರದು ಅಂತ ಕುಡೀತಿದ್ರು. ಇವಳು ಎಲ್ಲಾ ಗೊತ್ತಾಗಲಿ ಅಂತ ರುಚಿ ನೋಡ್ತಾಳೆ. ಆ ಗೆರೆ ಗಟ್ಟಿ ಗೋಡೆ ಏನಲ್ಲ, ರಂಗೋಲಿ ಗೆರೆ. ದಿನಾ ಹೊಸದಾಗಿ ಹಾಕ್ಕೋಬೇಕು. ಅದಕ್ಕೇ ಮಗಳಿಗೆ ಹೇಳಿದ್ದೀನಿ, ಚೊಂಬು ಯಾವತ್ತೂ ಪಕ್ಕದಲ್ಲಿರಲಿ ಅಂತ.

ಬಾಟ್ಲಿಯಲ್ಲಿ ಮುಕ್ಕಾಲು ಭಾಗ ಉಳಿದಿತ್ತು. ಬಿರಡೆ ಹಾಕಿ ಫ್ರಿಡ್ಜಲ್ಲಿಟ್ರೆ ಮೂರು ದಿನ ಇರುತ್ತೆ ಅಂದ್ಲು ಮಗಳು. ಅವ್ವ ಅಡ್ಡಡ್ಡ ತಲೆ ಆಡಿಸಿದ್ಲು. "ಓದೋಕ್ ತಂದಿದ್ದು ಸರಿ. ರಾತ್ರಿ ಮನೇಲಿ ಇರೋದು ಬ್ಯಾಡ ಮಗಾ." ಮಗಳು ವಾದ ಮಾಡ್ಲಿಲ್ಲ. ಎರಡೂ ಬಾಟ್ಲಿನ ಬಟ್ಟೆ ಚೀಲದಲ್ಲಿ ಸುತ್ತಿ, ಕೆಂಗೇರಿ ಉಪನಗರದಲ್ಲಿರೋ ಜೊತೆಗೆ ಓದೋ ಗೆಳತಿ ಮನೆಗೆ ಸ್ಕೂಟರಲ್ಲಿ ಕೊಟ್ಟುಬಂದ್ಲು.

ರಾತ್ರಿ ಎಂಟೂವರೆಗೆ ಮೆಟ್ಲಲ್ಲಿ ಅವಳ ಸದ್ದು ಕೇಳಿಸ್ತು. ಅವ್ವ ಎಂದಿನ ಹಾಗೆ ಎದ್ದು ಬಾಗಿಲಿಗೆ ಹೋದ್ಲು. ಮಗಳು ಹೆಲ್ಮೆಟ್ ತೆಗೆದು, ಬೇಕಂತಲೇ ಅಜ್ಜಿ ಮುಖದ ಹತ್ರ ಬಂದು "ಹಾ" ಅಂತ ಉಸಿರು ಬಿಟ್ಲು. ಅವ್ವ ಅವಳ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟು, "ಹೋಗ್, ಕೈಕಾಲ್ ತೊಳ್ಕೋ. ದೋಸೆ ಹುಯ್ತೀನಿ" ಅಂದ್ಲು.

ಮೊನ್ನೆ ಅವಳ ಪುಸ್ತಕ ಎತ್ತಿಡುವಾಗ ಮಾಲ್ಬೆಕ್ ಪುಟ ಕಣ್ಣಿಗೆ ಬಿತ್ತು. ಇಂಗ್ಲಿಷಿನ ಬ್ಲ್ಯಾಕ್‌ಬೆರಿ, ಪ್ಲಮ್ಮುಗಳ ಪಕ್ಕದಲ್ಲಿ ಪೆನ್ಸಿಲಲ್ಲಿ ಕನ್ನಡದಲ್ಲಿ ಬರೆದಿದ್ಲು: ಉಪ್ನೇರಳೆ. ಮರದ ಪುಡಿ. ಒಗರು ಕಮ್ಮಿ. ಅದರ ಕೆಳಗೆ, ಅಜ್ಜಿ ಹೇಳಿದ್ದು.